ಖಂಡೇ ಪೂಜೆಗೆ ಕೂತ ಕೆಂಪು ಸಿಲಿಂಡರ್ ಸಾಹೇಬರಿಗೆ

ಗೆ,
ಬೆಂಕಿ ನಂದಿಸುವ ಒಂದು ಕಿಲೋ ಕೆಂಪು ಸಿಲಿಂಡರ್ ಸಾಹೇಬರು,
ಖಾಯಂ ವಿಳಾಸ: ನನ್ನ ಸ್ಪೋರ್ಟ್ಸ್ ಕಾರಿನ ಎಡ ಸೀಟಿನ ಕೆಳಗೆ.
ಸದ್ಯದ ಮುಕ್ಕಾಂ: ನಮ್ಮ ಮನೆಯ ಪಡಸಾಲೆ, ಇಳಕಲ್ಲ.

ವಿಷಯ: ಮಹಾನವಮಿಯ ದಿನ ಕುಳಗೇರಿ ಕ್ರಾಸಿನಲ್ಲಿ ತಾವು ಕರ್ತವ್ಯಕ್ಕೆ ಹಾಜರಾಗದಿದ್ದ ಬಗ್ಗೆ.

ಮಾನ್ಯರೇ,

ಕೊರಳಲ್ಲಿ ಒಣಗಿದ ಚೆಂಡುಹೂವಿನ ಹಾರ, ಹೊಟ್ಟೆಯ ಮೇಲೆ ಮೂರು ಬೆರಳಿನ ವಿಭೂತಿ, ಹಿಡಿಕೆಗೆ ಐದು ಸುತ್ತಿನ ಅರಿಷಿಣದ ದಾರ ಧರಿಸಿ, ನಮ್ಮ ಪಡಸಾಲೆಯ ದೇವರ ಗೂಡಿನ ಎಡಗಡೆಗೆ ಒಂದು ತಿಂಗಳಿನಿಂದ ಅಲ್ಲಾಡದೆ ವಿರಾಜಮಾನರಾಗಿರುವ ತಮಗೆ, ವಿಜಯಮಹಾಂತೇಶ ಎಂಬ ನಾನು ಮಂಡಿಯೂರಿ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ತಮ್ಮ ಕ್ಷೇಮವನ್ನು ಕೇಳಬೇಕಾಗಿಯೇ ಇಲ್ಲ, ಯಾಕೆಂದರೆ ತಮ್ಮ ಒತ್ತಡ ತೋರಿಸುವ ಗಡಿಯಾರದ ಮುಳ್ಳು ಹಸಿರಿನಲ್ಲೇ ಇರುವುದನ್ನು ಈಗಷ್ಟೇ ಬಗ್ಗಿ ನೋಡಿ ಬಂದು ಬರೆಯಲು ಕೂತಿದ್ದೇನೆ.

ನಮ್ಮ ಕಡೆ ಅರ್ಜಿಯನ್ನು ಕೊನೆಯವರೆಗೆ ಓದುವವರು ಕಡಿಮೆ, ಆದ್ದರಿಂದ ದೂರಿನ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಮಹಾನವಮಿಯ ದಿನ ಮಧ್ಯಾಹ್ನ ಕುಳಗೇರಿ ಕ್ರಾಸಿನಲ್ಲಿ ನನ್ನ ಕಾರಿಗೆ ಬೆಂಕಿ ಹತ್ತಿತು. ಒಳಗೆ ಎಪ್ಪತ್ನಾಲ್ಕು ವರ್ಷದ ನನ್ನ ಅವ್ವ ಶಾರವ್ವ ಕೂತಿದ್ದಳು. ಇಂಥದೊಂದು ಗಳಿಗೆಗೆಂದೇ ನೇಮಕಗೊಂಡ ತಾವು ಅಲ್ಲಿರಲಿಲ್ಲ, ಎರಡು ತಾಸಿನ ದಾರಿ ಹಿಂದೆ ಇಳಕಲ್ಲಿನಲ್ಲಿ ಪೂಜೆ ಮಾಡಿಸಿಕೊಳ್ಳುತ್ತ ಕೂತಿದ್ದಿರಿ. ದೇವರ ದಯೆಯಿಂದ ಅವ್ವನ ಮೈಗೆ ಏನೂ ಆಗಲಿಲ್ಲ, ಆದದ್ದೆಲ್ಲ ಅವಳ ಹೆಸರಿಗೆ ಆಯಿತು. ಬೆಂಕಿ ಆರಿಸುವ ಸಿಲಿಂಡರನ್ನು ಪೂಜೆಗೆ ಕೂರಿಸಿ ಮಗನ ಕಾರು ಸುಟ್ಟ ಮುದುಕಿ ಎಂದು ಬಾದಾಮಿಯಿಂದ ಇಳಕಲ್ಲಿನವರೆಗೆ ಜನ ಆಡಿಕೊಳ್ಳುತ್ತಿದ್ದಾರೆ. ಮೂವತ್ತು ವರ್ಷ ಒಂದು ಸೋಮವಾರವೂ ತಪ್ಪಿಸದೆ ಅಕ್ಕನ ಬಳಗಕ್ಕೆ ಹೋಗಿ, ಎಲ್ಲರಿಗಿಂತ ಮೊದಲು ದನಿ ಎತ್ತಿ ವಚನ ಹೇಳುತ್ತಿದ್ದ ಅವ್ವ, ಈಗ ನಾಲ್ಕು ಸೋಮವಾರದಿಂದ ಮನೆಯ ಹೊಸ್ತಿಲು ದಾಟಿಲ್ಲ. ಅವಳ ಹೆಸರಿಗೆ ಹತ್ತಿದ ಈ ಮಸಿಯನ್ನು ತಾವು ತೊಳೆದುಕೊಡಬೇಕು, ಅಷ್ಟೇ ನನ್ನ ಅಹವಾಲು.

ನನ್ನ ಕಾರು ತಮಗೆ ಚೆನ್ನಾಗಿ ಗೊತ್ತಾದರೂ ಪತ್ರಿಕೆಯಲ್ಲಿ ಇದನ್ನು ಓದುವ ಸಾರ್ವಜನಿಕರಿಗೆ ಪರಿಚಯ ಮಾಡಿಸಬೇಕಲ್ಲ. ನನ್ನದು ಗ್ರ್ಯಾನೈಟ್ ಪಾಲಿಶ್ ಮಾಡುವ ಸಣ್ಣ ಕಾರ್ಖಾನೆ. ಇಳಕಲ್ಲಿನ ಕೆಂಪು ಕಲ್ಲು ಲಾರಿ ಲಾರಿ ಊರು ಬಿಟ್ಟು ಹೋಗುವುದನ್ನು ಇಪ್ಪತ್ತು ವರ್ಷ ನೋಡಿದ ನನಗೆ, ಹೊರಗಿನಿಂದಲೂ ಒಂದು ಕೆಂಪು ವಸ್ತು ನಮ್ಮ ಊರಿಗೆ ಬರಲಿ ಎಂಬ ಆಸೆ ಹುಟ್ಟಿ, ಹುಬ್ಬಳ್ಳಿಯ ಒಬ್ಬ ಡಾಕ್ಟರು ಓಡಿಸಿ ಬೇಸತ್ತ ಎರಡು ಬಾಗಿಲು, ಎರಡೇ ಸೀಟಿನ ಸ್ಪೋರ್ಟ್ಸ್ ಕಾರನ್ನು ತಂದೆ. ಎತ್ತರದಲ್ಲಿ ಅದು ನಮ್ಮ ಮನೆಯ ಕಟ್ಟೆಗಿಂತ ಒಂದು ಗೇಣು ಹೆಚ್ಚಿರಬಹುದು. ಇಳಕಲ್ಲಿನಿಂದ ಹುನಗುಂದಕ್ಕೆ ಹೋಗುವಷ್ಟರಲ್ಲಿ ಬರುವ ಒಂದೊಂದು ರೋಡ್ ಹಂಪಿಗೂ ನಾನು ಕಾರು ನಿಲ್ಲಿಸಿ, ಅಡ್ಡಡ್ಡ ತಿರುಗಿಸಿ, ಹಲ್ಲು ಕಚ್ಚಿ ದಾಟಿಸುವಾಗ ಹಿಂದಿನಿಂದ ಟಂಟಂ ಆಟೋಗಳು ಆರಾಮಾಗಿ ಮುಂದೆ ಹೋಗುತ್ತವೆ, ಅದರೊಳಗಿನ ಮಂದಿ ಕೈ ಬೀಸಿ ಹೋಗುತ್ತಾರೆ. ಅವ್ವನ ಪ್ರಕಾರ ಎಲ್ಲ ಕಾರಿಗೂ ಹತ್ತಬೇಕು, ಇದಕ್ಕೆ ಮಾತ್ರ ಇಳಿಯಬೇಕು. "ಇದೇನ ಕಾರೋ ಬಾವಿಯೋ, ಒಳಗ ಹೋಗೂದ ಗೊತ್ತಾಕ್ಕೈತಿ, ಹೊರಗ ಬರೂದ ಗೊತ್ತಾಗೂದಿಲ್ಲ" ಎನ್ನುತ್ತಾಳೆ. ಮಂಡಿನೋವಿನ ಅವಳನ್ನು ಆ ಸೀಟಿನಿಂದ ಎಬ್ಬಿಸಲು ನಾನೊಂದು ಕೈ, ನನ್ನ ಹೆಂಡತಿ ಬಸವೇಶ್ವರಿ ಒಂದು ಕೈ ಹಿಡಿದು ಜಗ್ಗಬೇಕು.

ತಮ್ಮನ್ನು ಕೆಲಸಕ್ಕೆ ಸೇರಿಸಿದವನು ನಾನಲ್ಲ, ಹುನಗುಂದದ ಮೆಕ್ಯಾನಿಕ್ ರಾಜಮಹ್ಮದ. ಕಾರನ್ನು ಮೊದಲ ಸಲ ಲಿಫ್ಟಿನ ಮೇಲೆ ಏರಿಸಿ ಅದರ ಹೊಟ್ಟೆ ನೋಡಿದ ಅವನು ಟಾರ್ಚು ಹಿಡಿದು ಕೆಳಗೆ ಎರಡು ಸುತ್ತು ಹಾಕಿದ. ಆಮೇಲೆ, "ಸಾಹೇಬ್ರ, ಇದರ ಸೈಲೆನ್ಸರ್ ಅಂದ್ರ ಹೊತ್ತಿಸಿದ ಒಲಿರಿ. ದೊಡ್ಡ ಗಾಡಿಗೆ ಒಲಿ ಮ್ಯಾಲಿರ್ತೈತಿ, ನಿಮ್ಮದಕ್ಕ ನೆಲಕ್ಕ ಹತ್ತೇತಿ. ಎಣ್ಣಿ ಸೋರಿದ್ರೂ ಬೆಂಕಿ, ಹುಲ್ಲ ಸಿಕ್ಕೊಂಡ್ರೂ ಬೆಂಕಿ. ಸಿಲಿಂಡರ್ ಇಲ್ಲದ ನಾ ಈ ಗಾಡಿ ಹೊರಗ ಬಿಡೂದಿಲ್ಲ" ಎಂದು, ತಾನೇ ಕಬ್ಬಿಣದ ಪಟ್ಟಿ ಬಗ್ಗಿಸಿ, ಡ್ರೈವರನ ಕೈಗೆ ಎಟಕುವ ಹಾಗೆ ಎಡ ಸೀಟಿನ ಕೆಳಗೆ ಮುಂಬದಿಗೆ ತಮಗೊಂದು ಸ್ಥಾನ ಮಾಡಿ ಕೂರಿಸಿದ. ಪಿನ್ನು ಕೀಳುವುದು, ಬೆಂಕಿಯ ನಾಲಿಗೆಗೆ ಹೊಡೆಯದೆ ಬುಡಕ್ಕೆ ಹೊಡೆಯುವುದು, ಬಾನೆಟ್ಟನ್ನು ಪೂರ್ತಿ ತೆರೆಯದಿರುವುದು, ಇದನ್ನೆಲ್ಲ ನನಗೆ ಮೂರು ಸಲ ಹೇಳಿದ. ನಾನು ಮೂರು ಸಲವೂ ಹೂಂ ಎಂದೆ.

ನಾಲ್ಕು ವರ್ಷ ತಾವು ಮಾಡಿದ ಸೇವೆಯನ್ನು ಹೊಗಳದಿದ್ದರೆ ನನಗೆ ಒಳ್ಳೆಯದಾಗದು. ಬಿಸಿಲಲ್ಲಿ ಕಾದಿರಿ, ಧೂಳು ಕುಡಿದಿರಿ, ಎಡ ಸೀಟಿನಲ್ಲಿ ಕೂತವರೆಲ್ಲ ತಮ್ಮನ್ನು ಕಾಲಿನಿಂದ ಒದ್ದು "ಇದೇನ್ರಿ ನಡುವ" ಎಂದು ಬೈದರೂ ತಾವು ತುಟಿ ಬಿಚ್ಚಲಿಲ್ಲ. ಸರಕಾರಿ ಕಚೇರಿಯಲ್ಲಿ ನಾಲ್ಕು ವರ್ಷ ಏನೂ ಕೆಲಸ ಮಾಡದೆ ಇಷ್ಟು ಶಿಸ್ತಿನಿಂದ ಒಂದೇ ಜಾಗದಲ್ಲಿ ಕೂತವರನ್ನು ನಾನು ಕಂಡಿಲ್ಲ, ಅಲ್ಲಿ ಕನಿಷ್ಠ ಚಹಾಕ್ಕಾದರೂ ಏಳುತ್ತಾರೆ. ವರ್ಷಕ್ಕೊಮ್ಮೆ ರಾಜಮಹ್ಮದ ತಮ್ಮನ್ನು ತಲೆಕೆಳಗು ಮಾಡಿ ಅಲ್ಲಾಡಿಸಿ, ಪುಡಿ ಗಟ್ಟಿಯಾಗಿಲ್ಲ ಎಂದು ಖಾತ್ರಿ ಮಾಡಿಕೊಂಡು, ಚೀಟಿಯ ಮೇಲೆ ತಾರೀಖು ಬರೆದು ಮತ್ತೆ ಕೂರಿಸುತ್ತಿದ್ದ. ನನ್ನ ಆರೋಗ್ಯವನ್ನು ಯಾರೂ ಅಷ್ಟು ಕಾಳಜಿಯಿಂದ ನೋಡಿದ್ದಿಲ್ಲ. ಹೀಗೆ ಒಂದು ದಿನವೂ ರಜೆ ಹಾಕದ ತಾವು, ಬೇಕಾದ ಒಂದೇ ಒಂದು ದಿನ ರಜೆಯ ಮೇಲಿದ್ದಿರಿ ಎಂಬುದೇ ನನ್ನ ಸಂಕಟ.

ಖಂಡೇ ಪೂಜೆಯ ಪದ್ಧತಿ ತಮಗೆ ಹೊಸದಿರಬಹುದು. ನಮ್ಮ ಮನೆಯಲ್ಲಿ ಮಹಾನವಮಿಯ ಬೆಳಿಗ್ಗೆ ಕೆಲಸಕ್ಕೆ ಬರುವ ಕಬ್ಬಿಣದ್ದೆಲ್ಲವನ್ನೂ ತೊಳೆದು, ಕಂಬಳಿ ಹಾಸಿದ ಪಡಸಾಲೆಯಲ್ಲಿ ಸಾಲಾಗಿ ಇಟ್ಟು, ವಿಭೂತಿ ಹಚ್ಚಿ, ದಾರ ಕಟ್ಟಿ ಪೂಜೆ ಮಾಡುತ್ತೇವೆ. ಕುಡುಗೋಲು, ಈಳಿಗೆ, ಕಲ್ಲು ಒಡೆಯುವ ಸುತ್ತಿಗೆ, ಬಸವೇಶ್ವರಿಯ ಹೊಲಿಗೆ ಯಂತ್ರ, ಕಾರ್ಖಾನೆಯ ನಟ್ಟು ಬೋಲ್ಟು ಬಿಚ್ಚುವ ಪಾನಾಗಳು, ಎಲ್ಲಕ್ಕೂ ಅವತ್ತು ಹಬ್ಬ. ಒಮ್ಮೆ ಪೂಜೆಗೆ ಕೂತದ್ದನ್ನು ಮರುದಿನ ದಶಮಿಯ ಸಂಜೆ ಬನ್ನಿ ಕೊಟ್ಟು ಬರುವವರೆಗೆ ಎತ್ತುವ ಹಾಗಿಲ್ಲ. ವರ್ಷವಿಡೀ ದುಡಿದ ವಸ್ತು ಒಂದು ದಿನವಾದರೂ ಸುಮ್ಮನೆ ಇರಲಿ ಎಂಬ ಹಿರಿಯರ ಕಟ್ಟಳೆ ಅದು. ವರ್ಷವಿಡೀ ಸುಮ್ಮನೇ ಇದ್ದ ತಮಗೆ ಆ ಒಂದು ದಿನದ ವಿಶ್ರಾಂತಿ ಯಾಕೆ ಬೇಕಿತ್ತು ಎಂದು ಯಾರೂ ಕೇಳಲಿಲ್ಲ. ಸಾಲಿನ ನಟ್ಟನಡುವೆ, ಎಲ್ಲಕ್ಕಿಂತ ಎತ್ತರಕ್ಕೆ, ಹೊಸ ಮದುಮಗನ ಹಾಗೆ ತಾವು ಕೂತಿದ್ದಿರಿ. ತಮ್ಮನ್ನು ಅಲ್ಲಿ ಕೂರಿಸಿದ್ದು ಯಾರು ಎಂಬುದನ್ನು ಮುಂದೆ ಹೇಳುತ್ತೇನೆ, ಅವಸರ ಮಾಡಬೇಡಿ.

ಕಾರಿಗೆ ಮಾತ್ರ ಅಂಗಳದಲ್ಲೇ ಪೂಜೆಯಾಯಿತು. ಅದು ನಿಂಬೆಹಣ್ಣಿನ ಮೇಲೆ ಹಾದು ಒಂದು ಸುತ್ತು ಹೋಗಿ ಬರಬೇಕಾದ ಪದ್ಧತಿ ಇರುವುದರಿಂದ, ನರಗುಂದದಲ್ಲಿರುವ ನನ್ನ ತಂಗಿಗೆ ಹಬ್ಬದ ಹೋಳಿಗೆ ಕೊಟ್ಟು ಬರೋಣ ಎಂದು ಅವ್ವ ಡಬ್ಬಿ ಹಿಡಿದು ಬಂದು ಕೂತಳು. ಸೀಟು ಎರಡೇ ಆದ್ದರಿಂದ ಬಸವೇಶ್ವರಿ ಮನೆಯಲ್ಲೇ ಉಳಿದಳು. ಹುನಗುಂದ, ಅಮೀನಗಡ ದಾಟಿ, ಪಟ್ಟದಕಲ್ಲಿನ ಹತ್ತಿರ ಪ್ರವಾಸಿಗರ ಬಸ್ಸುಗಳಿಗೆ ದಾರಿ ಬಿಟ್ಟು, ಬಾದಾಮಿಯಲ್ಲಿ ಒಂದು ಎಳನೀರು ಕುಡಿದು ಹೊರಡುವವರೆಗೆ ಎಲ್ಲವೂ ಸುಖವಾಗಿತ್ತು.

ಬಾದಾಮಿ ದಾಟಿದ ಮೇಲೆ ಒಂದು ಹಳ್ಳಿಯ ಹತ್ತಿರ ರಸ್ತೆಯ ಅರ್ಧ ಭಾಗಕ್ಕೆ ಮಡಿಕೆ ಕಾಳಿನ ಬಳ್ಳಿ ಹರವಿದ್ದರು. ಬಿಸಿಲಿಗೆ ಗರಿಗರಿ ಒಣಗಿದ ಬಳ್ಳಿಯನ್ನು ಡಾಂಬರಿನ ಮೇಲೆ ಹಾಸಿಬಿಟ್ಟರೆ ಬಸ್ಸು ಲಾರಿಗಳು ತುಳಿದು ತುಳಿದು ಕಾಳು ಬಿಡಿಸಿಕೊಡುತ್ತವೆ. ಕಣವೂ ಬೇಡ, ಎತ್ತೂ ಬೇಡ. ಅದು ತಪ್ಪು, ಕಾನೂನಿಗೆ ವಿರುದ್ಧ ಎಂದು ಬೋರ್ಡು ಹಾಕಿದ್ದಾರೆ, ಆ ಬೋರ್ಡಿಗೇ ಒಂದು ಕಡೆ ತಾಡಪತ್ರಿ ಕಟ್ಟಿದ್ದರು. ಬುದ್ಧಿ ಇದ್ದವನು ಪಕ್ಕಕ್ಕೆ ಹೋಗುತ್ತಿದ್ದ. ನಾನು ಕಾರಿನ ವೇಗ ಇಳಿಸಿದ್ದನ್ನು ನೋಡಿ ರಾಶಿಯ ಬದಿಗೆ ನಿಂತಿದ್ದ ಹೆಣ್ಣುಮಗಳೊಬ್ಬಳು, "ಬರ್ರಿ ಬರ್ರಿ, ಮ್ಯಾಲಿಂದ ಹೋಗ್ರಿ, ಭಾಳ ಚಂದ ಐತ್ರಿ ನಿಮ್ಮ ಗಾಡಿ" ಎಂದಳು. ಹೊಗಳಿದರೆ ನಾನು ಏನು ಬೇಕಾದರೂ ಮಾಡುತ್ತೇನೆಂಬುದು ಅವಳಿಗೆ ಹೇಗೆ ಗೊತ್ತಾಯಿತೋ ಕಾಣೆ. ಮೇಲಿನಿಂದ ಹೋದೆ. "ಕಾಳ ಛಲೋ ಬಿಟ್ಟಾವ್ರಿ, ಇನ್ನೊಂದ ಸುತ್ತ ಹೊಡೀರಿ" ಎಂದಳು. ತಿರುಗಿಸಿಕೊಂಡು ಬಂದು ಇನ್ನೊಂದು ಸುತ್ತು ಹೊಡೆದೆ. ಮೂರನೆಯ ಸುತ್ತಿಗೆ ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರಾದ್ದರಿಂದ ನಾನು ಕೂದಲು ಸರಿ ಮಾಡಿಕೊಂಡು ಹೊಡೆದೆ. ಗಂಟೆಗೆ ಇನ್ನೂರು ಮೈಲಿ ಓಡಲೆಂದು ಪರದೇಶದ ಇಂಜಿನಿಯರುಗಳು ತಲೆ ಒಡೆದುಕೊಂಡು ಮಾಡಿದ ಗಾಡಿಯನ್ನು ನಾನು ಮಡಿಕೆ ಒಕ್ಕಲು ಹೂಡಿದ್ದೆ. ಅವ್ವ ಮಾತ್ರ ಹೋಳಿಗೆ ಡಬ್ಬಿಯನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದು, "ಸಾಕಪಾ, ಅವರ ಹೊಲದಾಗ ಆಳಿಗೆ ಹೋದಂಗಾತು" ಎಂದಳು.

ಬೇರೆ ವಾಹನಗಳ ಹೊಟ್ಟೆಗೂ ನೆಲಕ್ಕೂ ಒಂದು ಮೊಳ ಜಾಗ ಇರುತ್ತದೆ. ನನ್ನ ಕಾರಿಗೆ ಆ ಬಳ್ಳಿ ನೇರವಾಗಿ ಹೊಟ್ಟೆಗೇ ಸುತ್ತಿಕೊಂಡಿತ್ತು. ಮೂರು ಸುತ್ತಿನ ಒಣ ಬಳ್ಳಿ, ಕಾದು ಕೆಂಪಾದ ಸೈಲೆನ್ಸರು, ಮೇಲೆ ನಾನು ಹಾಡು ಹಾಕಿಕೊಂಡು ಹೊರಟಿದ್ದೇನೆ. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ಅವ್ವ ಮೂಗು ಏರಿಸಿ, "ಮಡಿಕಿ ಹುರದಂಗ ವಾಸನಿ ಬರಾಕತ್ತೈತಲ್ಲೋ" ಎಂದಳು. ಹಳ್ಳಿಗಳಲ್ಲಿ ಹಬ್ಬದ ಅಡಿಗೆ ನಡೆದಿದೆ ಎಂದೆ. ಇನ್ನೆರಡು ಕಿಲೋಮೀಟರಿಗೆ, "ಈಗ ಸೀದ ವಾಸನಿ" ಎಂದಳು. ಯಾರೋ ಒಲೆಯ ಮೇಲೆ ಇಟ್ಟು ಮರೆತಿದ್ದಾರೆ ಎಂದೆ. ಮರೆತವನು ನಾನೇ ಎಂದು ಗೊತ್ತಾದದ್ದು ಕುಳಗೇರಿ ಕ್ರಾಸಿನಲ್ಲಿ, ಮಿರ್ಚಿ ಅಂಗಡಿಯ ಗುರಪ್ಪ ಎಣ್ಣೆಯಲ್ಲಿ ಕರಿಯುವ ಜಾರಿ ಸೌಟು ಹಿಡಿದುಕೊಂಡೇ ರಸ್ತೆಗೆ ಓಡಿ ಬಂದು, "ಏ ನಿಲ್ಲಸ್ರೀ! ಬುಡಕ ಬೆಂಕಿ ಹತ್ತೇತಿ!" ಎಂದು ಕೂಗಿದಾಗ.

ಮಾನ್ಯರೇ, ಇನ್ನು ಮುಂದಿನ ಎರಡು ನಿಮಿಷವನ್ನು ಚೇಷ್ಟೆ ಮಾಡಿ ಬರೆಯಲು ನನ್ನಿಂದ ಆಗುವುದಿಲ್ಲ. ಕಾರು ನಿಲ್ಲಿಸಿದ ತಕ್ಷಣ ಹೊಗೆ ಕಿಟಕಿಯವರೆಗೆ ಬಂತು. ನನ್ನ ಕೈ ತಾನಾಗಿಯೇ ಎಡ ಸೀಟಿನ ಕೆಳಗೆ ಹೋಯಿತು. ರಾಜಮಹ್ಮದ ಬಗ್ಗಿಸಿದ ಪಟ್ಟಿ ಇತ್ತು, ಅದರ ಕೊಂಡಿ ಇತ್ತು, ತಾವಿರಲಿಲ್ಲ. ಆ ಖಾಲಿ ಪಟ್ಟಿಯನ್ನು ಎರಡು ಸಲ, ಮೂರು ಸಲ ತಡಕಾಡಿದೆ. ಕೆಳಗಿಳಿದು ಆಚೆ ಓಡಿ ಬಾಗಿಲು ತೆಗೆದೆ. ಅವ್ವನ ಬೆಲ್ಟು ಬಿಚ್ಚಿತು, ಅವ್ವ ಏಳಲಿಲ್ಲ. ಮಂಡಿ ಮಡಚಿ ಆ ಗುಂಡಿಯಂಥ ಸೀಟಿನಲ್ಲಿ ಕೂತವಳನ್ನು ನಾನೊಬ್ಬನೇ ಎಷ್ಟು ಜಗ್ಗಿದರೂ ಬರಲಿಲ್ಲ. ಕಾಲಬುಡದಿಂದ ಶಾಖ ಮೇಲೇರುತ್ತಿತ್ತು. "ಡಬ್ಬಿ ಹಿಡಿ ಮೊದಲ" ಎಂದು ಅವಳು ನನ್ನ ಕೈಗೆ ಹೋಳಿಗೆ ಡಬ್ಬಿ ಕೊಟ್ಟಳು, ನಾನು ಅದನ್ನು ಹಿಡಿದುಕೊಂಡು ಹುಚ್ಚನ ಹಾಗೆ ನಿಂತೆ. ಗುರಪ್ಪ ನನ್ನನ್ನು ಪಕ್ಕಕ್ಕೆ ತಳ್ಳಿ, ಅವ್ವನ ಎರಡೂ ಬಗಲಿಗೆ ಕೈ ಕೊಟ್ಟು ಎತ್ತಿ ಹೊರಗೆ ತಂದ. ಅವಳ ಸೀರೆಯ ಅಂಚಿಗೆ ಕಿಡಿ ತಾಗಿ ಕಾಸಿನಗಲ ಕರಿಕಾಗಿತ್ತು.

ಹೆದರಿಕೆಗೆ ನಾನು ಬಾನೆಟ್ಟು ತೆರೆಯಲು ಹೋದಾಗ ಹಿಂದಿನಿಂದ, "ತಗೀಬ್ಯಾಡ್ರಿ! ಗಾಳಿ ಹೊಕ್ಕರ ಮುಗೀತು!" ಎಂದು ಯಾರೋ ಗದರಿಸಿದರು. ಕ್ರಾಸಿನಲ್ಲಿ ಊಟಕ್ಕೆ ನಿಂತಿದ್ದ ಉಳ್ಳಾಗಡ್ಡಿ ಲಾರಿಯ ಡ್ರೈವರ ಬಂದೇನವಾಜ, ಕೈ ತೊಳೆಯದೇ ಓಡಿ ಬಂದಿದ್ದ. ಅವನ ಕೈಯಲ್ಲಿ ತಮ್ಮ ಜಾತಿಯವರೇ ಒಬ್ಬರಿದ್ದರು. ಬಣ್ಣ ಹೋಗಿ ತಗ್ಗು ಬಿದ್ದ ಮೈ, ಹಿಡಿಕೆಗೆ ಸುತ್ತಿದ ಹಳೇ ಟವೆಲು. ಬಂದೇನವಾಜ ಪಿನ್ನು ಕಿತ್ತು, ನೆಲಕ್ಕೆ ಮಂಡಿ ಹಚ್ಚಿ ಕೂತು, ಬೆಂಕಿಯ ಬುಡಕ್ಕೆ ಅತ್ತಿಂದಿತ್ತ ನಾಲ್ಕು ಸಲ ಹೊಡೆದ. ಬಿಳಿ ಪುಡಿ ಮೋಡದ ಹಾಗೆ ಎದ್ದು ಇಳಿಯುವಷ್ಟರಲ್ಲಿ ಬೆಂಕಿ ಇರಲಿಲ್ಲ. ಎಡಗಡೆಯ ಬಾಗಿಲು ಮತ್ತು ಹೊಟ್ಟೆ ಕಪ್ಪಾಗಿ, ಎರಡು ಟೈರು ಕರಗಿ, ಕಾರು ನಿಂತಲ್ಲೇ ಕುಸಿಯಿತು. ನಿಮ್ಮ ಲಾರಿಗೆ ಇವತ್ತು ಪೂಜೆ ಆಗಿಲ್ಲವೇ ಎಂದು ನಾನು ಮಾತಿಗೆ ಏನಾದರೂ ಇರಲಿ ಎಂದು ಕೇಳಿದೆ. "ಆಗೇತ್ರಿ, ಮಾಲಕರು ಮುಂಜಾನೇನ ಮಾಡ್ಯಾರ. ಎಲ್ಲಾ ಕೆಳಗ ಇಳಿಸಿದ್ರು. ಇದನ್ನೊಂದ ಇಳಿಸಾಕ ನಾ ಬಿಡಲಿಲ್ಲರಿ" ಎಂದು ಅವನು ಟವೆಲಿನಿಂದ ಕೈ ಒರೆಸಿಕೊಂಡ.

ಆಗ ಅಲ್ಲಿ ನೂರು ಮಂದಿ ಸೇರಿದ್ದರು. ಗುರಪ್ಪನ ಅಂಗಡಿಯ ಬೆಂಚಿನ ಮೇಲೆ ಅವ್ವ ನೀರಿನ ಗ್ಲಾಸು ಹಿಡಿದು ಕೂತಿದ್ದಳು. ಗುಂಪಿನಲ್ಲಿ ಒಬ್ಬ ಹಿರಿಯರು ನನ್ನ ಕಾರನ್ನೂ ನನ್ನ ಕಪ್ಪು ಕನ್ನಡಕವನ್ನೂ ನೋಡಿ, "ಇಂಥಾ ಗಾಡಿ ಇಟ್ಟೀರಿ, ಒಂದ ಸಿಲಿಂಡರ್ ಇಡೂದಿಲ್ಲೇನ್ರಿ ಒಳಗ?" ಎಂದು ಕೇಳಿದರು. ಮೊಬೈಲುಗಳೆಲ್ಲ ನನ್ನ ಕಡೆ ತಿರುಗಿದವು. "ಇತ್ರಿ. ಅವ್ವ ಪೂಜಿಗೆ ಇಟ್ಟಾಳ್ರಿ" ಎಂದೆ. ಎಲ್ಲರೂ ನಕ್ಕರು. ಅವ್ವ ನಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ, ಗ್ಲಾಸಿನೊಳಗಿನ ನೀರು ನೋಡುತ್ತ ಕೂತಳು.

ನನ್ನ ಕಾರು ಎಂದೂ ಓಡದ ವೇಗದಲ್ಲಿ ಆ ಮಾತು ಓಡಿತು. ನಾವು ಬಾಡಿಗೆ ಗಾಡಿಯಲ್ಲಿ ಹುನಗುಂದ ಮುಟ್ಟುವಷ್ಟರಲ್ಲಿ ವಿಡಿಯೋ ಅಲ್ಲಿಗೆ ಬಂದಿತ್ತು. ಇಳಕಲ್ಲಿಗೆ ಬಂದಾಗ ಓಣಿಯ ಬಾಯಲ್ಲೇ ಒಬ್ಬರು, "ಏನ ಶಾರವ್ವಾ, ದೇವರ ಪ್ರಸಾದ ಛಲೋ ಕೊಟ್ಟಾನಲ್ಲ" ಎಂದರು. ಮುಂದಿನ ಸೋಮವಾರ ಅಕ್ಕನ ಬಳಗದಲ್ಲಿ, ಅವ್ವನ ಬಲಗೈ ಎನಿಸಿದ ಇಂದ್ರಾಬಾಯಿಯವರೇ, "ನಮ್ಮ ಅಡಗಿ ಗ್ಯಾಸಿನ ಸಿಲಿಂಡರಿಗೂ ಒಂದ ಹಾರ ಹಾಕಿ ಹೋಗಬೇ ಯವ್ವಾ" ಎಂದರಂತೆ. ಚೇಷ್ಟೆಗೆ ಆಡಿದ ಮಾತು, ಇಂದ್ರಾಬಾಯಿ ಕೆಟ್ಟವರಲ್ಲ. ಅವ್ವ ಅವತ್ತು ವಚನ ಹೇಳದೆ ಎದ್ದು ಬಂದಳು, ಆಮೇಲೆ ಹೋಗಲಿಲ್ಲ. ಸೋಮವಾರ ಸಂಜೆ ಐದಕ್ಕೆ ಕೈಕಾಲು ತೊಳೆದು, ತಲೆ ಬಾಚಿಕೊಂಡು, ಮತ್ತೆ ಪಡಸಾಲೆಗೆ ಬಂದು ತಮ್ಮ ಎದುರಿಗೇ ಬತ್ತಿ ಹೊಸೆಯುತ್ತ ಕೂರುತ್ತಾಳೆ. ಅದನ್ನು ಪ್ರತಿ ಸೋಮವಾರ ನೋಡುವವರು ತಾವು, ನಾನು ಕಾರ್ಖಾನೆಯಲ್ಲಿ ತಡಮಾಡಿ ಬರುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಏನೆಂದರೆ, ಮಹಾನವಮಿಯ ಬೆಳಿಗ್ಗೆ ತಾವು ಯಾರ ಒತ್ತಾಯವೂ ಇಲ್ಲದೆ, ಸ್ವಂತ ಭಕ್ತಿಯಿಂದ, ಸ್ವಂತ ಕಾಲಿನಿಂದ ಕಾರಿನಿಂದ ಇಳಿದು ಪಡಸಾಲೆಗೆ ನಡೆದು ಹೋಗಿ ಕಂಬಳಿಯ ಮೇಲೆ ಕೂತಿರೆಂದು ಒಂದು ಹೇಳಿಕೆ ಬರೆದು, ನೋಟರಿ ಮಾಡಿಸಿ, ಸುತ್ತಲಿನ ನಾಲ್ಕೂ ಊರಿನಲ್ಲಿ ಡಂಗುರ ಹೊಡೆಸಬೇಕು. ಸಾಧ್ಯವಾದರೆ ಅಕ್ಕನ ಬಳಗದಲ್ಲಿ ಎದ್ದು ನಿಂತು ಎರಡು ಮಾತಾಡಬೇಕು. ಇನ್ನು ಮುಂದೆ ನಾನು ತಮ್ಮನ್ನು ಬಿಟ್ಟು ಹೊರಟರೆ ಸೀಟಿ ಹೊಡೆಯಬೇಕು, ಕೇಳಿಸದಿದ್ದರೆ ಉರುಳುತ್ತ ಬೆನ್ನು ಹತ್ತಬೇಕು, ಹುನಗುಂದದ ರೋಡ್ ಹಂಪುಗಳಲ್ಲಿ ನಾನು ನಿಲ್ಲುತ್ತೇನಾದ್ದರಿಂದ ನನ್ನನ್ನು ಹಿಡಿಯುವುದು ತಮಗೆ ಕಷ್ಟವಾಗದು. ಒಣ ಬಳ್ಳಿ ಹರವಿದ ರಸ್ತೆಯಲ್ಲಿ ಯಾರಾದರೂ ನನ್ನ ಕಾರನ್ನು ಹೊಗಳಿದರೆ, ತಾವು ಆ ಪುಡಿಯನ್ನು ಮೊದಲು ನನ್ನ ಮುಖಕ್ಕೇ ಹೊಡೆಯಬೇಕು.

ಇಲ್ಲಿಯವರೆಗೆ ಬರೆದದ್ದನ್ನು ಬಸವೇಶ್ವರಿ ಹೆಗಲ ಹಿಂದೆ ನಿಂತು ಓದಿದಳು. ಒಂದು ತಿಂಗಳಿನಿಂದ ಅವಳು ನನ್ನ ತಾಟಿಗೆ ರೊಟ್ಟಿ ಹಾಕುವ ರೀತಿಯೇ ಬದಲಾಗಿದೆ. "ಅದು ಬಾಯಿ ಬಿಡೂದಿಲ್ಲರಿ. ಅತ್ತಿನೂ ಬಿಡೂದಿಲ್ಲ. ನೀವ ಹೇಳ್ತೀರೋ, ನಾ ಹೇಳ್ಲೋ?" ಎಂದಳು. ಪೂಜೆಯ ಬೆಳಿಗ್ಗೆ ಪಡಸಾಲೆಯಲ್ಲಿದ್ದವರು ನಾವು ಮೂರೇ ಮಂದಿ, ನಾಲ್ಕನೆಯವರು ತಾವು.

ಹಾಗಾಗಿ ಹೇಳುತ್ತೇನೆ, ಇಳಕಲ್ಲ, ಹುನಗುಂದ, ಬಾದಾಮಿ, ಬಾಗಲಕೋಟೆಯ ಸಮಸ್ತರೂ ಕೇಳಬೇಕು. ತಮ್ಮನ್ನು ಪಟ್ಟಿಯಿಂದ ಬಿಚ್ಚಿ ತಂದವನು ನಾನು. ಸುತ್ತಿಗೆ ಪಾನಾಗಳ ಸಾಲು ಕರಿ ಕರಿ ಕಾಣುತ್ತಿತ್ತು, ನಡುವೆ ಒಂದು ಕೆಂಪು ವಸ್ತು ಇದ್ದರೆ ಫೋಟೋ ಚೆನ್ನಾಗಿ ಬರುತ್ತದೆ, ಸ್ಟೇಟಸ್ಸಿಗೆ ಹಾಕಬಹುದು ಎಂಬುದು ನನ್ನ ಭಕ್ತಿ. ಬೇಡ ಎಂದವಳು ಅವ್ವ. "ಅದನ್ನ ಕಾರಿನ್ಯಾಗ ಬಿಡೋ, ಅಲ್ಲೇ ಒಂದ ಹೂವ ಏರಿಸಿದ್ರಾತು. ಒಲಿ ಪೂಜಿ ಮಾಡಾಕ ಒಲಿ ಕಿತ್ತ ತರ್ತೀವೇನು?" ಎಂದಳು. ನಿನಗೇನು ತಿಳಿಯುತ್ತದೆ ಸುಮ್ಮನಿರು ಎಂದೆ. ಹೊರಡುವಾಗ ಕಾರಿಗೆ ಇಳಿಯುವ ಮೊದಲು ಅವಳು ಮತ್ತೊಮ್ಮೆ ನಿಂತು, "ಆ ಕೆಂಪಂದು ತಗೊಂಡ ಬಾ, ದೂರದ ಹಾದಿ" ಎಂದಳು. ಪೂಜೆಗೆ ಕೂತದ್ದನ್ನು ಬನ್ನಿ ಕೊಡುವ ತನಕ ಎತ್ತಬಾರದು, ನೀನೇ ಕಲಿಸಿದ್ದಲ್ಲವೇ ಎಂದು ಅವಳ ಮಾತನ್ನು ಅವಳಿಗೇ ತಿರುಗಿಸಿ ಹೇಳಿ, ಬಹಳ ಜಾಣತನ ಮಾಡಿದೆನೆಂದು ನಕ್ಕೆ. ಅಂಥವಳ ಮೇಲೆ ನೂರು ಮಂದಿಯೆದುರು ತಪ್ಪು ಹೊರಿಸಿದೆ. ಅವಳು ಆಗಲೇ ಬೆಂಚಿನಿಂದ ಎದ್ದು ನನ್ನ ಕಪಾಳಕ್ಕೆ ಒಂದು ಕೊಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಅವಳು ಮಗನ ಮರ್ಯಾದೆ ಉಳಿಸಿದಳು. ನನಗೆ ನಾಚಿಕೆಯಾಗಿದೆ, ಬಹಳ ನಾಚಿಕೆಯಾಗಿದೆ.

ತಮ್ಮ ಮೇಲಿನ ಎಲ್ಲ ಆಪಾದನೆಗಳನ್ನೂ ಈ ಮೂಲಕ ಹಿಂದಕ್ಕೆ ಪಡೆದಿದ್ದೇನೆ. ರಾಜಮಹ್ಮದ ಕಾರು ರಿಪೇರಿ ಮಾಡಿ ಮುಗಿಸಿದ್ದಾನೆ, ತಮ್ಮ ಪಟ್ಟಿಗೆ ಈ ಸಲ ಎರಡು ಬೋಲ್ಟು ಹೆಚ್ಚಿಗೆ ಜಡಿದು, ಅದನ್ನು ಬಿಚ್ಚುವ ಪಾನಾವನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದಾನೆ. ದಯಮಾಡಿ ಮರಳಿ ಕೆಲಸಕ್ಕೆ ಹಾಜರಾಗಬೇಕೆಂದು ಕೋರುತ್ತೇನೆ.

ತಾವು ನಂಬಿದ್ದಕ್ಕೆ ತಕ್ಕವನಲ್ಲದಿದ್ದರೂ,
ತಮ್ಮ ವಿಶ್ವಾಸಿ,
ವಿಜಯಮಹಾಂತೇಶ,
ಇಳಕಲ್ಲ.

ತಾಜಾ ಕಲಂ: ಪತ್ರಿಕೆಗೆ ಕಳಿಸುವ ಮೊದಲು ಈ ಪತ್ರವನ್ನು ತಮ್ಮ ಸಮಕ್ಷಮದಲ್ಲೇ ಅವ್ವನಿಗೆ ಪೂರ್ತಿ ಓದಿ ಹೇಳಿದೆ. ಅವಳು ಬತ್ತಿ ಹೊಸೆಯುವುದನ್ನು ನಿಲ್ಲಿಸದೆ ಕೇಳಿದಳು, ಮಡಿಕೆಯ ಮೂರನೆಯ ಸುತ್ತಿಗೆ ಒಂದಿಷ್ಟು ನಕ್ಕಳು ಕೂಡ. ಓದಿ ಮುಗಿಸಿದ ಮೇಲೆ ತಮ್ಮ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿ, "ಆ ಕೆಂಪ ಡಬ್ಬಿಗಿ ಇಷ್ಟುದ್ದ ಕಾಗದ ಬರದಿ. ಒಂದ ತಿಂಗಳಾತು, ನಾ ಇಲ್ಲೇ ಅದರ ಮುಂದ ಕುಂತೀನಿ. ಯವ್ವಾ ನಂದು ತಪ್ಪಾತು ಅಂತ ನನಗೊಂದ ಮಾತ ಹೇಳಾಕ ನಿನ್ನ ಬಾಯಿಗೆ ಏನ ಆಗಿತ್ತೋ?" ಎಂದಳು. ತಾವು ನನ್ನ ಪರವಾಗಿ ಏನಾದರೂ ಹೇಳುತ್ತೀರೇನೋ ಎಂದು ತಮ್ಮ ಕಡೆ ನೋಡಿದೆ, ತಾವು ವಿಭೂತಿ ಹಚ್ಚಿಕೊಂಡು ಕೂತೇ ಇದ್ದಿರಿ. ಅವ್ವ ಬತ್ತಿ ಬುಟ್ಟಿ ಬದಿಗಿಟ್ಟು, ಕೈ ಚಾಚಿ, ಎಬ್ಬಿಸು ಎಂದಳು. ಇವತ್ತು ಸೋಮವಾರ. ಪತ್ರಿಕೆಯ ಮಾತು ಆಮೇಲೆ, ಮೊದಲು ಇಂದ್ರಾಬಾಯಿ ಮೊದಲ್ಗೊಂಡು ಅಕ್ಕನ ಬಳಗದ ಅಷ್ಟೂ ಮಂದಿಯ ಎದುರು ಇದನ್ನು ನಾನೇ ನಿಂತು ಓದಬೇಕಂತೆ, ಒಂದು ಸಾಲೂ ಬಿಡದೆ. ತಾವು ಹಾರ ತೆಗೆದು ಸಿದ್ಧರಾಗಿ. ಅಲ್ಲಿ ನನಗೆ ಹತ್ತಲಿರುವ ಬೆಂಕಿಗೆ ತಮ್ಮ ಒಂದು ಕಿಲೋ ಪುಡಿ ಎಲ್ಲಿಗೂ ಸಾಲುವುದಿಲ್ಲ, ಆದರೂ ಈ ಸಲವಾದರೂ ತಾವು ಹಾಜರಿದ್ದಿರಿ ಎಂದು ದಾಖಲೆಯಾಗಲಿ.